ಚಕ್ರ ಹಾಕಿದ ಮೇಲೆ ಬರುವ ಆ 'ಸ್ಸ್... ಸ್ಸ್...'

ಶನಿವಾರ, ಭಾನುವಾರ ಬಂತೆಂದರೆ ಬೆಳಗ್ಗೆ ಆರಕ್ಕೇ ಅಂಗಡಿ ಬಾಗಿಲು ತೆಗೆಯುತ್ತೇನೆ. ಆ ಹೊತ್ತಿಗೆ ಚಿಕ್ಕಬಳ್ಳಾಪುರದಲ್ಲಿ ಎದ್ದಿರುವವರು ಹೂವಿನ ವ್ಯಾಪಾರದವರು, ಟೀ ಅಂಗಡಿಯವರು ಮತ್ತು ನಂದಿ ಬೆಟ್ಟ ಹತ್ತಲು ಬಂದ ಸೈಕಲ್‌ನವರು. ಬೆಂಗಳೂರಿನಿಂದ ತುಳಿದುಕೊಂಡೇ ಬರುವವರು ಇದ್ದಾರೆ. ಆದರೆ ಎಷ್ಟೋ ಜನ ಸೈಕಲ್ಲನ್ನು ಕಾರಿನಲ್ಲಿ ತರುತ್ತಾರೆ. ಮುಂದಿನ ಚಕ್ರ ಬಿಚ್ಚಿ ಹಿಂದಿನ ಸೀಟಿಗೆ, ಉಳಿದದ್ದು ಡಿಕ್ಕಿಗೆ. ಬೆಟ್ಟದ ಬುಡದಲ್ಲಿ ಇಳಿಸಿ ಚಕ್ರ ಹಾಕಿ ನಾಲ್ಕು ತುಳಿತ ತುಳಿದರೆ ಸಾಕು, ಡಿಸ್ಕ್ ಬ್ರೇಕ್ ಉಜ್ಜುವ 'ಸ್ಸ್... ಸ್ಸ್...' ಶುರು.

ಹೋದ ತಿಂಗಳು ಹಾಗೇ ಒಬ್ಬರು ಬಂದರು. ದುಬಾರಿ ಸೈಕಲ್. ರಸ್ತೆ ಬದಿಯಲ್ಲೇ ಮೊಬೈಲ್‌ನಲ್ಲಿ ವಿಡಿಯೊ ನೋಡಿ ಕ್ಯಾಲಿಪರ್ (ಚಕ್ರದ ನಡುವಿನ ಡಿಸ್ಕ್ ಎಂಬ ಲೋಹದ ತಟ್ಟೆಯನ್ನು ಹಿಡಿಯುವ ಇಕ್ಕಳ) ಬೋಲ್ಟ್ ಸಡಿಲ ಮಾಡಿದ್ದರು. ಬ್ರೇಕ್ ಲಿವರ್ ಹತ್ತಿರದ ಸ್ಕ್ರೂ ತಿರುಗಿಸಿದ್ದರು. ಡಿಸ್ಕನ್ನೂ ಕೈಯಲ್ಲಿ ಒಂದಿಷ್ಟು ಬಗ್ಗಿಸಿ ನೋಡಿದ್ದರು. 'ಅಣ್ಣ, ಬ್ರೇಕ್ ಹಾಳಾಗಿದೆ' ಅಂದರು. 'ಸಾರ್, ಚಕ್ರ ಹಾಕುವಾಗ ಸೈಕಲ್ ತಲೆಕೆಳಗೆ ಮಾಡಿದ್ರಾ?' ಅಂತ ಕೇಳಿದೆ. ಹೌದು ಅಂದರು. ಬ್ರೇಕ್ ಹಾಳಾಗಿರಲಿಲ್ಲ. ಚಕ್ರ ಒಂದು ಕಡೆ ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವೆ) ಬುಡದ ತನಕ ಕೂತಿರಲಿಲ್ಲ, ಅಷ್ಟೇ. ಅದನ್ನು ಸರಿ ಮಾಡಲು ಅರ್ಧ ನಿಮಿಷ ಹಿಡಿಯಿತು. ಅವರು ಬಿಚ್ಚಿದ್ದನ್ನೆಲ್ಲ ಮತ್ತೆ ಸರಿ ಮಾಡಲು ಮುಕ್ಕಾಲು ಗಂಟೆ.

ಅದಕ್ಕೇ ಎಲ್ಲರಿಗೂ ಹೇಳುವುದು: ನಿನ್ನೆ ತನಕ ಸುಮ್ಮನಿದ್ದ ಬ್ರೇಕು ಚಕ್ರ ಹಾಕಿದ ತಕ್ಷಣ ಉಜ್ಜಿದರೆ, ಮೊದಲು ಚಕ್ರ ನೋಡಿ. ಬ್ರೇಕಿಗೆ ಕೈ ಹಚ್ಚಬೇಡಿ.

ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಉಜ್ಜುತ್ತದೆ ಅಂತ ಕೇಳುತ್ತೀರಿ. ಡಿಸ್ಕಿನ ದಪ್ಪ ಸಾಮಾನ್ಯವಾಗಿ 1.8 ಮಿ.ಮೀ. ಅದನ್ನು ಒತ್ತಿ ಚಕ್ರ ನಿಲ್ಲಿಸುವ ಪ್ಯಾಡ್ ಅದರ ಎರಡೂ ಬದಿಗೆ ಇರುತ್ತದೆ. ಪ್ಯಾಡಿಗೂ ಡಿಸ್ಕಿಗೂ ನಡುವೆ ಇರುವ ಜಾಗ ನೋಟ್‌ಬುಕ್ಕಿನ ಎರಡು ಮೂರು ಹಾಳೆಯಷ್ಟು. ಹಳೇ ಸೈಕಲ್‌ಗಳಲ್ಲಿ ಬ್ರೇಕ್ ಕಟ್ಟೆಗೂ ರಿಮ್ಮಿಗೂ ನಡುವೆ ಎರಡು ಮೂರು ಮಿ.ಮೀ. ಬಿಟ್ಟಿರುತ್ತಿದ್ದೆವು. ಚಕ್ರ ಸ್ವಲ್ಪ ವಾರೆ ಕೂತರೂ ಗೊತ್ತಾಗುತ್ತಿರಲಿಲ್ಲ. ಡಿಸ್ಕ್ ಬ್ರೇಕಿನಲ್ಲಿ ಆ ಸಲಿಗೆ ಇಲ್ಲ.

ಸೈಕಲ್ಲನ್ನು ಎರಡೂ ಚಕ್ರದ ಮೇಲೆ ನೆಲದಲ್ಲಿ ನಿಲ್ಲಿಸಿ. ಕ್ವಿಕ್ ರಿಲೀಸ್ ಲಿವರ್ (ಚಕ್ರವನ್ನು ಬಿಗಿ ಹಿಡಿಯುವ ಮಡಚು ಹಿಡಿ) ತೆರೆಯಿರಿ. ಹ್ಯಾಂಡಲ್ ಹಿಡಿದು ನೇರ ಕೆಳಗೆ ಒತ್ತಿ. ಸೈಕಲ್ಲಿನ ಭಾರಕ್ಕೇ ಆಕ್ಸಲ್ (ಚಕ್ರದ ಅಚ್ಚು) ಎರಡೂ ಕಡೆ ಸಮನಾಗಿ ಕೂರುತ್ತದೆ. ಒತ್ತಿ ಹಿಡಿದುಕೊಂಡೇ ಲಿವರ್ ಮುಚ್ಚಿ. ಮುಕ್ಕಾಲುವಾಸಿ ಕೇಸು ಇಲ್ಲಿಗೇ ಮುಗಿಯುತ್ತದೆ.

ಲಿವರ್ ಎಷ್ಟು ಬಿಗಿ ಇರಬೇಕು? ಅರ್ಧ ಮಡಚುವಾಗಲೇ ಬಿಗಿ ಶುರುವಾಗಬೇಕು. ಪೂರ್ತಿ ಮುಚ್ಚಿದ ಮೇಲೆ ಅಂಗೈಯಲ್ಲಿ ಅದರ ಗುರುತು ಮೂಡಿರಬೇಕು. ಲಿವರನ್ನು ನಟ್ಟಿನ ಹಾಗೆ ಗಿರಗಿರ ತಿರುಗಿಸಿ ಬಿಗಿ ಮಾಡುವವರು ಈಗಲೂ ಇದ್ದಾರೆ. ಅದು ಬಿಗಿಯೇ ಅಲ್ಲ. ಮುಂದಿನ ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಫೋರ್ಕಿನ ಹಿಂಬದಿಗೆ ಇರುವುದರಿಂದ, ಬ್ರೇಕ್ ಹಿಡಿದಾಗ ಆಕ್ಸಲ್ ಮೇಲೆ ಬೀಳುವ ಬಲ ಕೆಳಮುಖವಾಗಿ, ಅಂದರೆ ಚಕ್ರವನ್ನು ಫೋರ್ಕಿನಿಂದ ಕಳಚುವ ಕಡೆಗೇ ಇರುತ್ತದೆ. ನಂದಿ ಇಳಿಯುವಾಗ ತಿರುವು ತಿರುವಿಗೂ ಅದೇ ಬಲ. ಫೋರ್ಕಿನ ತುದಿಯಲ್ಲಿ ಸಣ್ಣ ಅಂಚು ಇರುತ್ತದಲ್ಲ, ಅದನ್ನು ಕೆಲವರು 'ಚಕ್ರ ಬಿಚ್ಚಲು ಅಡ್ಡ' ಅಂತ ಉಜ್ಜಿ ತೆಗೆಸುತ್ತಾರೆ. ದಯವಿಟ್ಟು ಬೇಡ. ಲಿವರ್ ಸಡಿಲವಾದರೂ ಚಕ್ರ ಬೀಳದಂತೆ ತಡೆಯಲೆಂದೇ ಅದು ಅಲ್ಲಿರುವುದು.

ಲಿವರಿನ ವಿಷಯದಲ್ಲಿ ಇನ್ನೊಂದು. ಡಿಸ್ಕ್ ಎಡಕ್ಕೆ ಇರುತ್ತದೆ. ಎಡಕ್ಕೇ ಲಿವರ್ ಇದ್ದು, ಅದು ತೀರಾ ಹಿಂದಕ್ಕೆ ತೆರೆದುಕೊಳ್ಳುವಂಥದಾದರೆ ಓಡುವಾಗ ಡಿಸ್ಕಿನೊಳಗೆ ಸಿಕ್ಕಿಕೊಳ್ಳಬಹುದು. ಇದೇ ಕಾರಣಕ್ಕೆ 2015ರಲ್ಲಿ ಅಮೆರಿಕದ ಒಂದು ದೊಡ್ಡ ಕಂಪನಿ ಅಮೆರಿಕ, ಕೆನಡಾ ಸೇರಿ ಸುಮಾರು 10 ಲಕ್ಷ ಸೈಕಲ್‌ಗಳ ಲಿವರ್ ಬದಲಿಸಲು ಮುಂದಾಯಿತು. ನಾನಂತೂ ಮುಂದಿನ ಚಕ್ರದ ಲಿವರನ್ನು ಬಲಕ್ಕೇ ಹಾಕುತ್ತೇನೆ. ಇಳಿದು ಬಂದ ಮೇಲೆ ಬಿಸಿ ಡಿಸ್ಕಿಗೆ ಕೈ ತಾಗುವುದೂ ತಪ್ಪುತ್ತದೆ.

ಚಕ್ರ ಸರಿಯಾಗಿ ಕೂತ ಮೇಲೂ ಉಜ್ಜುತ್ತಿದ್ದರೆ ಆಗ ಕಿವಿ ಕೊಡಿ. ಮುಂದಿನ ಚಕ್ರ ಎತ್ತಿ ನಿಧಾನಕ್ಕೆ ತಿರುಗಿಸಿ. ಸದ್ದು ಒಂದೇ ಸಮ ಬಂದರೆ ಕ್ಯಾಲಿಪರ್ ನಡುವಿಗಿಲ್ಲ. ಸುತ್ತಿಗೊಂದು ಸಲ ಬಂದರೆ ಡಿಸ್ಕ್ ಔಟ್ ಆಗಿದೆ, ಅಂದರೆ ಬಾಗಿದೆ. ಕಾರಿನಲ್ಲಿ ಚಕ್ರದ ಮೇಲೆ ಬ್ಯಾಗ್ ಹೇರಿ ತರುವವರಿಗೆ ಈ ಎರಡನೆಯದು ಜಾಸ್ತಿ.

ಕ್ಯಾಲಿಪರ್ ನಡುವಿಗೆ ತರುವುದು ಆಯಿಲ್ ಬ್ರೇಕಿನಲ್ಲಿ (ಕೇಬಲ್ ಬದಲು ಆಯಿಲ್ ಒತ್ತಡದಿಂದ ಹಿಡಿಯುವಂಥದು) ಸುಲಭ. ಅದನ್ನು ಫೋರ್ಕಿಗೆ ಹಿಡಿದಿರುವ ಎರಡು ಬೋಲ್ಟ್ ಇರುತ್ತವೆ, ಹೆಚ್ಚಾಗಿ 5 ಮಿ.ಮೀ. ಅಲೆನ್ ಕೀ. ಅರ್ಧ ಸುತ್ತು ಸಡಿಲ ಮಾಡಿ, ಬ್ರೇಕ್ ಲಿವರ್ ಒತ್ತಿ ಹಿಡಿದು, ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ವಿಡಿಯೊದಲ್ಲೂ ಇದನ್ನೇ ತೋರಿಸುತ್ತಾರೆ. ಅವರು ಹೇಳದೆ ಬಿಡುವ ಒಂದು ವಿಷಯ ಇದೆ. ಕೊನೆಯ ಕಾಲು ಸುತ್ತಿನಲ್ಲಿ ಬೋಲ್ಟು ಕ್ಯಾಲಿಪರನ್ನೂ ಜೊತೆಗೆ ಎಳೆದುಕೊಂಡು ತಿರುಗುತ್ತದೆ. ಇಲ್ಲಿಯ ತನಕ ಮಾಡಿದ್ದೆಲ್ಲ ನೀರಿಗೆ ಹೋಯಿತು!

ಹಾಗಾಗಿ ನಾನು ಕಣ್ಣನ್ನೇ ನಂಬುತ್ತೇನೆ. ಕ್ಯಾಲಿಪರಿನ ಹಿಂದೆ ಒಂದು ಬಿಳಿ ಹಾಳೆ ಇಟ್ಟು ಮುಂದಿನಿಂದ ನೋಡಿದರೆ ಡಿಸ್ಕ್ ಕಪ್ಪು ಗೆರೆಯಾಗಿ, ಅದರ ಎರಡೂ ಬದಿಗೆ ಬೆಳಕಿನ ಎರಡು ದಾರ ಕಾಣುತ್ತವೆ. ಒಂದು ದಾರ ಮಾಯವಾಗಿದ್ದರೆ ಆ ಕಡೆ ಉಜ್ಜುತ್ತಿದೆ. ಬೋಲ್ಟ್ ಅರೆಬಿಗಿ ಇರುವಾಗ ಹೆಬ್ಬೆರಳಿನಿಂದ ಕ್ಯಾಲಿಪರನ್ನು ಕೂದಲೆಳೆಯಷ್ಟು ತಳ್ಳಿ. ಎರಡೂ ದಾರ ಕಂಡ ಕೂಡಲೇ ಒಂದು ಕೈಯಲ್ಲಿ ಅದನ್ನು ಅಲುಗದಂತೆ ಹಿಡಿದು ಇನ್ನೊಂದು ಕೈಯಲ್ಲಿ ಬಿಗಿ ಮಾಡಿ. ಬಿಗಿ ಅಳೆಯುವ ಟಾರ್ಕ್ ಕೀ ಇದ್ದರೆ 6ರಿಂದ 8 ನ್ಯೂಟನ್ ಮೀಟರ್.

ನಮ್ಮೂರ ಸ್ಕೂಲ್ ಹುಡುಗರ ಗೇರ್ ಸೈಕಲ್‌ಗಳದ್ದು ಬೇರೆ ಕತೆ. ಅವುಗಳಲ್ಲಿ ಕೇಬಲ್ ಡಿಸ್ಕ್ ಜಾಸ್ತಿ. ಸುತ್ತಲಿನ ಹಳ್ಳಿಗಳಿಂದ ಬರುವಾಗ ಜಾಲಿ ಮುಳ್ಳು ಚುಚ್ಚುತ್ತದೆ, ಪಂಕ್ಚರ್ ಹಾಕಲು ಚಕ್ರ ಬಿಚ್ಚುತ್ತಾರೆ, ಆಮೇಲೆ ಅದೇ ಸದ್ದು. ಇಂಥ ಬ್ರೇಕುಗಳಲ್ಲಿ ಸಾಮಾನ್ಯವಾಗಿ ಹೊರಗಿನ ಪ್ಯಾಡ್ ಮಾತ್ರ ಅಲುಗುತ್ತದೆ. ಅದು ಡಿಸ್ಕನ್ನು ಸ್ವಲ್ಪ ಬಗ್ಗಿಸಿ ಒಳಗಿನ ಪ್ಯಾಡಿಗೆ ಒತ್ತುತ್ತದೆ. ಇವುಗಳಲ್ಲೂ ಬ್ರೇಕ್ ಲಿವರ್ ಒತ್ತಿ ಕ್ಯಾಲಿಪರ್ ಬಿಗಿ ಮಾಡಿದರೆ ಡಿಸ್ಕ್ ಒಳಗಿನ ಪ್ಯಾಡಿಗೆ ಅಂಟಿಕೊಂಡೇ ಇರುತ್ತದೆ. ಸ್ಪೋಕಿನ ಕಡೆಯಿಂದ ಒಳಗಿನ ಪ್ಯಾಡಿಗೆ ಒಂದು ಸ್ಕ್ರೂ ಇರುತ್ತದೆ. ಅದನ್ನು ಒಂಚೂರು ಹಿಂದಕ್ಕೆ ತಿರುಗಿಸಿ, ಸದ್ದು ನಿಂತ ಕಡೆ ಬಿಡಿ. ಜಾಸ್ತಿ ಹಿಂದಕ್ಕೆ ಹೋದರೆ ಬ್ರೇಕೇ ಹಿಡಿಯುವುದಿಲ್ಲ.

ಚಕ್ರ ಒಳಗೇ ಹೋಗುತ್ತಿಲ್ಲ ಅಂತ ಫೋನ್ ಮಾಡುವವರೂ ಇದ್ದಾರೆ. ಚಕ್ರ ಬಿಚ್ಚಿದ್ದಾಗ ಹಿಂದಿನ ಸೀಟಿನ ಮಗು ಬ್ರೇಕ್ ಒತ್ತಿ ಆಟ ಆಡಿರುತ್ತದೆ. ಆಯಿಲ್ ಬ್ರೇಕಿನಲ್ಲಿ ಡಿಸ್ಕ್ ಇಲ್ಲದೆ ಲಿವರ್ ಒತ್ತಿದರೆ ಪ್ಯಾಡುಗಳು ಹತ್ತಿರ ಬಂದು ಅಲ್ಲೇ ನಿಂತುಬಿಡುತ್ತವೆ. ಪ್ಲಾಸ್ಟಿಕ್ಕಿನ ಟೈರ್ ಲಿವರ್ ತೂರಿಸಿ ಮೆಲ್ಲಗೆ ಅಗಲಿಸಿ. ಸ್ಕ್ರೂಡ್ರೈವರ್ ಹಾಕಿದರೆ ಪ್ಯಾಡ್ ಸೀಳುತ್ತದೆ. ಚಕ್ರ ಬಿಚ್ಚಿದ ಕೂಡಲೇ ಪ್ಯಾಡಿನ ನಡುವೆ ಒಂದು ಮಡಚಿದ ರಟ್ಟು ಇಟ್ಟರೆ ಈ ತಾಪತ್ರಯವೇ ಇಲ್ಲ. ಸೈಕಲ್ ತಲೆಕೆಳಗೆ ಮಾಡಬೇಡಿ ಅನ್ನುವುದೂ ಇದಕ್ಕೇ ಸೇರಿದ್ದು. ಆಯಿಲ್‌ನಲ್ಲಿ ಗಾಳಿ ಇದ್ದರೆ ಅದು ಪೈಪಿಗೆ ಇಳಿದು ಲಿವರ್ ಮೆತ್ತಗಾಗುತ್ತದೆ.

ಈಗ ನನ್ನದೇ ಪೆದ್ದುತನ ಒಂದು. ಡಿಸ್ಕ್ ಸೈಕಲ್‌ಗಳು ಅಂಗಡಿಗೆ ಹೊಸದಾಗಿ ಬರುತ್ತಿದ್ದ ಕಾಲ. ಒಂದು ಸೈಕಲ್ ಉಜ್ಜುತ್ತಿತ್ತು. ಎಲ್ಲ ಕಿರಿಕಿರಿಗೂ ಎಣ್ಣೆಯೇ ಮದ್ದು ಅಂತ ಕಲಿತಿದ್ದವನು ನಾನು. ಎರಡು ಸಲ ಸ್ಪ್ರೇ ಹೊಡೆದೆ. ಸದ್ದು ನಿಂತಿತು. ಬ್ರೇಕೂ ನಿಂತಿತು! ಎಣ್ಣೆ ಕುಡಿದ ಪ್ಯಾಡನ್ನು ಉಪ್ಪುಕಾಗದದಲ್ಲಿ ತಿಕ್ಕಿದೆ, ಒಲೆ ಮೇಲೆ ಕಾಯಿಸಿದೆ, ಏನೂ ಆಗಲಿಲ್ಲ. ಕೈಯಿಂದ ದುಡ್ಡು ಹಾಕಿ ಹೊಸ ಪ್ಯಾಡ್ ಕೊಟ್ಟೆ. ಡಿಸ್ಕ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಶುದ್ಧ ಬಟ್ಟೆ, ಬೇರೇನೂ ಬೇಡ. ಬೆರಳಿನ ಜಿಡ್ಡು ಕೂಡ ತಾಗಿಸಬೇಡಿ.

ಔಟ್ ಆದ ಡಿಸ್ಕನ್ನು ಸರಿ ಮಾಡಲು ಚೊಕ್ಕಟವಾದ ಅಡ್ಜಸ್ಟಬಲ್ ಸ್ಪ್ಯಾನರ್ ಸಾಕು. ಉಜ್ಜುವ ಜಾಗಕ್ಕೆ ಗುರುತು ಹಾಕಿ, ಅಲ್ಲಿ ಹಿಡಿದು ಬಲು ಸಣ್ಣದಾಗಿ ಬಗ್ಗಿಸಿ, ತಿರುಗಿಸಿ ನೋಡಿ, ಮತ್ತೆ ಸ್ವಲ್ಪ. ಅವಸರ ಮಾಡಿದರೆ ಒಂದು ಔಟ್ ಎರಡಾಗುತ್ತದೆ. ದಪ್ಪ 1.5 ಮಿ.ಮೀ.ಗೆ ಇಳಿದಿದ್ದರೆ ಬಗ್ಗಿಸುವ ಮಾತೇ ಇಲ್ಲ, ಬದಲಿಸಿ. ಎಷ್ಟಕ್ಕೆ ಬದಲಿಸಬೇಕು ಅಂತ ಹೆಚ್ಚಿನ ಡಿಸ್ಕುಗಳ ಮೇಲೇ ಕೊರೆದಿರುತ್ತಾರೆ.

ಬೆಟ್ಟ ಇಳಿದ ಕೂಡಲೇ 'ಟಿಣ್ ಟಿಣ್' ಅಂದರೆ ಗಾಬರಿ ಬೇಡ. ಬಿಸಿಗೆ ಡಿಸ್ಕ್ ಸ್ವಲ್ಪ ಬಾಗಿರುತ್ತದೆ. ಮೇಲೆ ನೀರು ಸುರಿಯಬೇಡಿ. ಬುಡದಲ್ಲಿ ಒಂದು ಟೀ ಕುಡಿಯುವಷ್ಟರಲ್ಲಿ ತಣ್ಣಗಾಗಿ ಸದ್ದು ನಿಲ್ಲುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಮಾತ್ರ 'ಸ್ಸ್' ಅಂದು, ಕೂತ ಮೇಲೆ ಸುಮ್ಮನಾದರೆ ಅದು ಫೋರ್ಕು, ಚಕ್ರ ಬಾಗುವುದರಿಂದ. ಮೊದಲು ರಿಮ್ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ನೋಡಿ. ಟಕಟಕ ಅಂದರೆ ಹಬ್ ಬೇರಿಂಗ್ ಸಡಿಲ, ಅಂಗಡಿಗೆ ತನ್ನಿ. ಇಲ್ಲವಾದರೆ ಆ ಸದ್ದನ್ನು ಹಾಗೇ ಬಿಟ್ಟುಬಿಡಿ. ನನ್ನ ಸೈಕಲ್ಲೂ ಹಾಗೇ ಉಜ್ಜುತ್ತದೆ.