ಬೆಂಡಿಗೆ ಜೀವಂತ ಮೀನು ಕಟ್ಟುದಾದ್ರೆ ಯಾವ ನಂಬರಿನ ಗಾಳ?

ಪ್ರಶ್ನೆ: ಕೋಡಿಬೆಂಗ್ರೆ ಅಳಿವೆ (ಹೊಳೆ ಸಮುದ್ರ ಸೇರುವ ಜಾಗ) ಹತ್ರ ಕುರುಡಿ ಮೀನಿಗೆ ಅಂತ ಲೈನಿಗೆ ತೇಲುವ ಬೆಂಡು ಹಾಕಿ ಜೀವಂತ ಸಣ್ಣ ಮೀನು ಕಟ್ತೇನೆ. ಸ್ವಲ್ಪ ಹೊತ್ತಲ್ಲೇ ಅದು ಸತ್ತು ಮಗುಚಿ ಬೀಳ್ತದೆ. ಗಾಳ ದೊಡ್ಡದಾಯ್ತಾ? ಯಾವ ನಂಬರ್ ತಗೊಳ್ಳುದು?

ಉತ್ತರ: ಹೌದು, ನಿಮ್ಮ ಗಾಳ ಜಾಸ್ತಿ ದೊಡ್ಡದಾಯ್ತು ಅಂತ ಕಾಣ್ತದೆ. ಕುರುಡಿ ಅಂದ್ರೆ ಸೀಬಾಸ್, ದೊಡ್ಡ ಬಾಯಿ, ಹಾಗಾಗಿ 6/0 ನಂಬರಿನ ದೊಡ್ಡ ಗಾಳವೇ ಇರ್ಲಿ ಅಂತ ಸುಮಾರು ಜನ ತಗೊಳ್ತಾರೆ, ಆದ್ರೆ ಎರಡೂವರೆ ಇಂಚಿನ ಮಾಲ (ಮಲ್ಲೆಟ್) ಮೀನಿನ ಮರಿ ಅಷ್ಟು ಕಬ್ಬಿಣ ಎಳ್ಕೊಂಡು ಈಜುದು ಹೇಗೆ ಮಾರಾಯ್ರೆ? ಕುರುಡಿ ಬೇಟೆಯನ್ನು ಕಚ್ಚಿ ತುಂಡು ಮಾಡುದಿಲ್ಲ, ನೀರಿನ ಜೊತೆ ಒಂದೇ ಸಲಕ್ಕೆ ಒಳಗೆ ಎಳ್ಕೊಳ್ತದೆ, ಸಣ್ಣ ಗಾಳವೂ ಅದ್ರ ಜೊತೆಗೇ ಒಳಗೆ ಹೋಗ್ತದೆ. ಅದಕ್ಕೆ ಕಟ್ಟುವ ಮೀನಿನ ಅಳತೆ ನೋಡಿಯೇ ಗಾಳ ಆರಿಸ್ಬೇಕು.

ನಂಬರ್ ವಿಷಯದಲ್ಲಿ ಅಂಗಡಿಯಲ್ಲೇ ಗೊಂದಲ ಆಗುದುಂಟು. 8, 6, 4, 2, 1 ಹೀಗೆ ನಂಬರ್ ಇಳಿದ ಹಾಗೆ ಗಾಳ ದೊಡ್ಡದಾಗ್ತದೆ, ಆಮೇಲೆ 1/0, 2/0, 3/0 ಅಂತ ನಂಬರ್ ಏರಿದ ಹಾಗೆ ದೊಡ್ಡದಾಗ್ತದೆ. ಎರಡು ಇಂಚಿನ ಮೀನಿಗೆ 4 ಅಥವಾ 2, ಮೂರು ಇಂಚಿಗೆ 1/0, ನಾಲ್ಕೈದು ಇಂಚಿನದ್ದಕ್ಕೆ 3/0, ನನ್ನ ಲೆಕ್ಕ ಇಷ್ಟೇ. ಕಂಪೆನಿಯಿಂದ ಕಂಪೆನಿಗೆ ಸೈಜ್ ಸ್ವಲ್ಪ ವ್ಯತ್ಯಾಸ ಇರ್ತದೆ, ಹಾಗಾಗಿ ಗಾಳವನ್ನು ಮೀನಿನ ಪಕ್ಕ ಹಿಡಿದು ನೋಡಿ. ಮೀನು ಸಿಕ್ಕಿಸಿದ ಮೇಲೂ ಗಾಳದ ತುದಿಗೂ ದಂಟಿಗೂ ನಡುವೆ ಖಾಲಿ ಜಾಗ ಉಳಿಬೇಕು. ತಂತಿ ಸಪೂರ ಇದ್ರೆ ಮೀನಿಗೆ ಗಾಯ ಕಡಿಮೆ, ಆದ್ರೆ ತೀರಾ ಸಪೂರ ಆದ್ರೆ ಕೆಂಬೇರಿಯಂಥ (ರೆಡ್ ಸ್ನ್ಯಾಪರ್) ಜೋರಿನ ಮೀನು ಎಳೆದಾಗ ನೆಟ್ಟಗಾಗಿ ಬಿಡ್ತದೆ.

ಇನ್ನು ಎಲ್ಲಿ ಚುಚ್ಚುದು ಅನ್ನುದು, ನಿಜವಾಗಿ ನೀವು ಕೇಳ್ಬೇಕಾದ್ದು ಇದನ್ನೇ. ನೀರು ಜೋರು ಹರಿಯುವಾಗ ಮೂತಿಯಲ್ಲೇ ಚುಚ್ಚಿ, ಆಗ ಮೀನು ಹರಿವಿಗೆ ಮುಖ ಮಾಡಿ ನಿಲ್ತದೆ. ಎರಡೂ ತುಟಿ ಸೇರಿಸಿ ಹೊಲಿದ ಹಾಗೆ ಚುಚ್ಚಿದ್ರೆ ಬಾಯಿ ಮುಚ್ಚಿ ಹೋಗಿ ಕಿವಿರಿಗೆ ನೀರು ಸರಿಯಾಗಿ ಹೋಗುದಿಲ್ಲ, ಬೇಗ ಸಾಯ್ತದೆ, ಮೇಲಿನ ತುಟಿ ಅಥವಾ ಮೂಗಿನ ಹತ್ರ ಮಾತ್ರ ಸಾಕು. ನಿಂತ ನೀರಲ್ಲಿ ಬೆನ್ನಿನ ರೆಕ್ಕೆಯ ಹತ್ರ, ಚರ್ಮದ ಕೆಳಗೆ ಸ್ವಲ್ಪವೇ ಮಾಂಸ ಹಿಡಿಯುವ ಹಾಗೆ. ಆಳಕ್ಕೆ ಹೋದ್ರೆ ಬೆನ್ನುಮೂಳೆ ಉಂಟು, ಅದಕ್ಕೆ ತಾಗಿದ್ರೆ ಮೀನು ಒಮ್ಮೆ ನಡುಗಿ ಸೆಟೆದು ನಿಲ್ತದೆ, ಆಮೇಲೆ ಅದು ಈಜುದಿಲ್ಲ. ರೆಕ್ಕೆಯ ಹಿಂದೆ ಚುಚ್ಚಿದ್ರೆ ತಲೆ ತಗ್ಗಿಸಿ ಆಳಕ್ಕೆ ಹೋಗ್ಲಿಕ್ಕೆ ನೋಡ್ತದೆ, ಇದು ಬೆಂಡಿಗೆ ಒಳ್ಳೇದು. ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡ್ಕೊಳ್ಳಿ, ಒಣ ಕೈಗೆ ಮೈಯ ಲೋಳೆ ಎಲ್ಲ ಅಂಟಿ ಬರ್ತದೆ.

ಬಕೆಟ್ಟಿಗೆ ನಲ್ಲಿ ನೀರು ಹಾಕ್ಲೇ ಬೇಡಿ. ಕ್ಲೋರಿನ್ ಒಂದು ಕಡೆ, ಉಪ್ಪಿನ ಅಂಶ ಬದಲಾದ ಶಾಕ್ ಇನ್ನೊಂದು ಕಡೆ. ಬೀಸು ಬಲೆಯಲ್ಲಿ ಮೀನು ಹಿಡಿದ ಜಾಗದ ನೀರೇ ಇರ್ಲಿ, ನೆರಳಲ್ಲಿಡಿ, ನೀರಿಗೆ ಗಾಳಿ ಊದುವ ಬ್ಯಾಟರಿ ಏರೇಟರ್ ಇದ್ರೆ ಹಾಕಿ, ಇಲ್ಲಾಂದ್ರೆ ನೀರು ಆಗಾಗ ಬದಲಿಸಿ. ಉಳಿದ ಮೀನನ್ನು ಹಿಡಿದಲ್ಲೇ ಬಿಡಿ, ಬೇರೆ ಹೊಳೆಗೋ ಕೆರೆಗೋ ಬಿಡ್ಬೇಡಿ, ತಿಲಾಪಿಯಾದಂಥ ಹೊರಗಿನ ಮೀನು ಹೀಗೂ ಹಬ್ಬುದುಂಟು.

ಬೆಂಡು ಲೈನಿನ ಮೇಲೆ ಜಾರುವಂಥದ್ದು ತಗೊಳ್ಳಿ. ಮೇಲೆ ಸ್ಟಾಪರ್ ಗಂಟು (ಬೆಂಡು ಅದಕ್ಕಿಂತ ಮೇಲೆ ಜಾರದ ಹಾಗೆ ತಡೆಯುವ ಗಂಟು), ಒಂದು ಮಣಿ, ಬೆಂಡು, ಸೀಸ, ಸ್ವಿವೆಲ್ (ಲೈನ್ ತಿರುಚದ ಹಾಗೆ ತಿರುಗುವ ಕೊಂಡಿ), ಕೊನೆಗೆ ಒಂದೂವರೆ ಎರಡು ಅಡಿ ಉದ್ದದ ದಪ್ಪ ಲೀಡರ್, ಅಂದ್ರೆ ಗಾಳ ಕಟ್ಟುವ ಕೊನೆಯ ತುಂಡು ಲೈನ್. ಕುರುಡಿಯ ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಹರಿತ, ಸಪೂರ ಲೈನ್ ಕಡಿದು ಹೋಗ್ತದೆ. ಉಬ್ಬರಕ್ಕೆ ನೀರು ಏರುವಾಗ ಗಂಟನ್ನು ಮೇಲೆ ಸರಿಸ್ಬೇಕು, ಇಳಿತಕ್ಕೆ ಕೆಳಗೆ, ಇಲ್ಲದಿದ್ರೆ ಮೊದ್ಲು ಸರಿ ಇದ್ದ ಆಳದಲ್ಲೇ ನೀರು ಇಳಿದ ಮೇಲೆ ಗಾಳ ಕೆಸರಿಗೆ ತಾಗ್ತದೆ. ಬೆಂಡು ಎಷ್ಟು ದೊಡ್ಡದು ಅಂದ್ರೆ ಕಟ್ಟಿದ ಮೀನು ಎಳೆದ್ರೆ ಅಲ್ಲಾಡ್ಬೇಕು, ಮುಳುಗ್ಬಾರ್ದು.

ಮೀನು ವಾಪಸ್ ಬಿಡುವ ಯೋಚನೆ ಇದ್ರೆ ಸರ್ಕಲ್ ಹುಕ್ (ತುದಿ ಒಳಕ್ಕೆ ಬಾಗಿದ ಉರುಟು ಗಾಳ) ಒಳ್ಳೇದು, ಹೆಚ್ಚಾಗಿ ಬಾಯಿಯ ಮೂಲೆಯಲ್ಲೇ ಸಿಕ್ಕುದು. ಬೆಂಡು ಮುಳುಗಿದ ಕೂಡ್ಲೇ ರಾಡ್ ಜಗ್ಗಬೇಡಿ, ಜಗ್ಗಿದ್ರೆ ಗಾಳ ಹೊರಗೆ ಬರ್ತದೆ. ಲೈನ್ ಟೈಟ್ ಆಗುವ ತನಕ ಕಾಯಿರಿ, ಆಮೇಲೆ ನಿಧಾನಕ್ಕೆ ರೀಲ್ ತಿರುಗಿಸಿ, ಗಾಳ ತನ್ನಷ್ಟಕ್ಕೆ ತಿರುಗಿ ಕೂತ್ಕೊಳ್ತದೆ. ಮಾಮೂಲಿ ಗಾಳ ಆದ್ರೆ ಮಾತ್ರ ಬೆಂಡು ಪೂರ್ತಿ ಒಳಗೆ ಹೋಗಿ ಲೈನ್ ಓಡ್ಲಿಕ್ಕೆ ಶುರುವಾದಾಗ ಒಮ್ಮೆ ಗಟ್ಟಿಯಾಗಿ ಎಳೀರಿ.