ಕೂತು ಮಾಡೋ ಕೆಲಸ ಕೊಡ್ಸಿ ಅಂತ ಕೇಳ್ಬೇಡಿ

ಹೋದ ವಾರ ಹೊಸನಗರ ಕಡೆಯಿಂದ ಒಬ್ಬರು ಮಗಳನ್ನ ಕರ್ಕೊಂಡು ಬಂದಿದ್ರು. ಹುಡುಗಿ ಐಟಿಐಯಲ್ಲಿ ಟರ್ನರ್, ಅಂದ್ರೆ ಲೇತ್ ಕೆಲಸ, ಮುಗಿಸಿದಾಳೆ, ಬ್ಯಾಚಲ್ಲಿ ಇವಳೊಬ್ಳೇ ಹುಡುಗಿಯಂತೆ. ಅಪ್ಪ ಕೇಳಿದ್ದು ಒಂದೇ ಮಾತು, "ಮೇಡಂ, ಮಿಷಿನ್ ಹತ್ರ ಬೇಡ, ಎಲ್ಲಾದ್ರೂ ಕೂತು ಮಾಡೋ ಕೆಲಸ ಕೊಡ್ಸಿ." ಹುಡುಗಿ ಸುಮ್ನಿದ್ಳು. ಅಪ್ಪ ಬೈಕ್ ತೆಗೆಯೋಕೆ ಹೋದಾಗ ಮೆಲ್ಲಗೆ ಕೇಳಿದ್ಳು, "ಅಕ್ಕಾ, ಇಲ್ಲಿರೋದು ಫ್ಯಾನುಕ್ಕಾ ಸೀಮೆನ್ಸಾ?"

ಮಿಷಿನ್ನಿನ ಕಂಟ್ರೋಲ್, ಅಂದ್ರೆ ಅದನ್ನ ನಡೆಸೋ ಕಂಪ್ಯೂಟರ್, ಯಾವ ಕಂಪನೀದು ಅಂತ ಕೇಳ್ತಿದಾಳೆ ಅಂದ್ರೆ ಇವಳಿಗೆ ಕೂತು ಮಾಡೋ ಕೆಲಸ ಬೇಡ ಅಂತಾನೇ ಅರ್ಥ.

ನಾನು ಶಿವಮೊಗ್ಗ ಹತ್ರದ ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ 16 ವರ್ಷದಿಂದ ಇದೀನಿ, ಆಪರೇಟರ್ ಆಗಿ ಸೇರಿ, ಸೆಟ್ಟರ್ ಆಗಿ, ಈಗ ಮಿಷಿನ್ ಶಾಪ್ ನೋಡ್ಕೊಳ್ತೀನಿ. ನಮ್ಮ ಜಿಲ್ಲೆಗೆ ಕಬ್ಬಿಣ ಹೊಸದೇನಲ್ಲ, ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದೇ 1923ರಲ್ಲಿ, ಆ ಕಡೆ ಎಷ್ಟೋ ಮನೆಯಲ್ಲಿ ಅಜ್ಜ ಫರ್ನೇಸಲ್ಲಿದ್ರು ಅಪ್ಪ ಲೇತಲ್ಲಿದ್ರು ಅನ್ನೋ ಕತೆ ಸಿಗುತ್ತೆ, ಅಮ್ಮ ಲೇತಲ್ಲಿದ್ರು ಅನ್ನೋದು ಮಾತ್ರ ನಾನಂತೂ ಕೇಳಿಲ್ಲ.

ಈಗ ಹೆಣ್ಮಕ್ಕಳನ್ನ ತಗೊಳ್ಳಲ್ಲ ಅಂತೇನಿಲ್ಲ, ಖುಷಿಯಾಗಿ ತಗೋತಾರೆ. ತಗೊಂಡು ಇನ್ಸ್‌ಪೆಕ್ಷನ್ ಟೇಬಲ್ಲಿಗೆ ಕೂರಿಸ್ತಾರೆ. "ಹೆಣ್ಮಕ್ಕಳಿಗೆ ತಾಳ್ಮೆ ಜಾಸ್ತಿ, ಕೈ ಸೂಕ್ಷ್ಮ" ಅಂತ ಹೊಗಳಿಕೆ ಬೇರೆ. ಈ ಹೊಗಳಿಕೆ ಇದೆಯಲ್ಲ, ಬೈಗುಳಕ್ಕಿಂತ ಡೇಂಜರ್ ಅದು. ಐದು ವರ್ಷ ಗೋ ನೋ-ಗೋ ಗೇಜ್ (ಅಳತೆ ಸರಿ ಇದೆಯೋ ಇಲ್ವೋ ಅಂತಷ್ಟೇ ಹೇಳೋದು) ಹಾಕಿ ಟಿಕ್ ಮಾಡ್ಕೊಂಡು ಕೂತವಳ ಜೊತೆ ಸೇರಿದ ಹುಡುಗ ಅಷ್ಟೊತ್ತಿಗೆ ಸೆಟ್ಟರ್ ಆಗಿರ್ತಾನೆ, ಕಂಪನಿ ಬಿಟ್ರೂ ಅವನಿಗೆ ನಾಳೆ ಬೆಳಿಗ್ಗೆ ಕೆಲಸ ಇದೆ, ಇವಳು ಬೇರೆ ಕಡೆ ಹೋದ್ರೆ ಮತ್ತೆ ಹೊಸಬಳ ಸಂಬಳದಿಂದ ಶುರು.

ಆಪರೇಟರ್‌ಗೂ ಸೆಟ್ಟರ್‌ಗೂ ಏನು ವ್ಯತ್ಯಾಸ ಅಂತ ಹೊರಗಿನವರು ಕೇಳ್ತಾರೆ. ಆಪರೇಟರ್ ಅಂದ್ರೆ ಜಾಬನ್ನ, ಅಂದ್ರೆ ಕೊರೆಯೋ ಪೀಸನ್ನ, ಅದನ್ನ ಹಿಡ್ಕೊಂಡು ತಿರುಗೋ ಚಕ್ಕಿಗೆ ಕಟ್ಟೋದು, ಸೈಕಲ್ ಸ್ಟಾರ್ಟ್ ಒತ್ತೋದು, ತೆಗೆದು ಚೆಕ್ ಮಾಡೋದು. ಸೆಟ್ಟರ್ ಅಂದ್ರೆ ಖಾಲಿ ಮಿಷಿನ್‌ನ ಹೊಸ ಜಾಬಿಗೆ ತಯಾರು ಮಾಡೋನು: ಸಾಫ್ಟ್ ಜಾ (ಚಕ್ಕಿನ ಮೆದು ಹಿಡಿಗಳು) ಆ ಮಿಷಿನ್ ಮೇಲೇ ಬೋರ್ ಮಾಡಿ ಜಾಬಿನ ಅಳತೆಗೆ ತರೋದು, ಟೂಲ್ ಕಟ್ಟೋದು, ಆಫ್‌ಸೆಟ್ ತಗೊಳ್ಳೋದು (ಟೂಲ್ ತುದಿ ಎಲ್ಲಿದೆ ಅಂತ ಮಿಷಿನ್ನಿಗೆ ಹೇಳೋ ನಂಬರ್), ಫಸ್ಟ್ ಪೀಸ್ ಪಾಸ್ ಮಾಡಿಸೋದು. ಅದರ ಮೇಲೆ ಪ್ರೋಗ್ರಾಮರ್. ಬಟನ್ ಒತ್ತೋ ಕೆಲಸ ನಾಳೆ ರೋಬೋ ಮಾಡ್ಬಹುದು, ಸೆಟ್ಟಿಂಗ್ ಬಂದವರ ಹತ್ರ ಮಾಲೀಕರೂ ಸ್ವಲ್ಪ ಮೆತ್ತಗೆ ಮಾತಾಡ್ತಾರೆ.

ಒಂದು ಉದಾಹರಣೆ ಹೇಳ್ತೀನಿ. 6206 ಬೇರಿಂಗ್ ಗೊತ್ತಲ್ಲ, ಮೋಟರ್ ರಿಪೇರಿ ಅಂಗಡಿಯಲ್ಲೆಲ್ಲ ಸಿಗುತ್ತೆ, ಅದರ ಹೊರಗಿನ ವ್ಯಾಸ 62 ಮಿಲಿಮೀಟರ್. ಅದು ಕೂರೋ ಹೌಸಿಂಗಿನ ಬೋರ್, ಅಂದ್ರೆ ಒಳಗಿನ ತೂತು, ಡ್ರಾಯಿಂಗಲ್ಲಿ 62 ಎಚ್7 ಅಂತ ಇದ್ರೆ 62.000ಕ್ಕಿಂತ ಕಮ್ಮಿ ಆಗ್ಬಾರ್ದು, 62.030 ದಾಟ್ಬಾರ್ದು. ಇರೋ ಜಾಗ ಬರೀ 30 ಮೈಕ್ರಾನ್, ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಇನ್ಸರ್ಟ್, ಅಂದ್ರೆ ಟೂಲಿನ ಕೊರೆಯೋ ತುದಿ, ಸವೀತಾ ಸವೀತಾ ಬೋರ್ ಚಿಕ್ಕದಾಗ್ತಾ ಬರುತ್ತೆ, ಆವಾಗ ಸವೆತಕ್ಕೆ ತಕ್ಕ ವೇರ್ ಆಫ್‌ಸೆಟ್ ಕೊಟ್ಟು ಸರಿ ಮಾಡ್ಬೇಕು. ಇನ್ನೊಂದು, ಈಗಷ್ಟೇ ಮಿಷಿನ್ನಿಂದ ಇಳಿದ ಬಿಸಿ ಜಾಬ್ ಅಳೆದ್ರೆ ಮೋಸ ಹೋಗ್ತೀರಿ, ಕಾಸ್ಟ್ ಐರನ್ ಬೋರ್ 10 ಡಿಗ್ರಿ ಜಾಸ್ತಿ ಬಿಸಿ ಇದ್ರೆ ಇಷ್ಟು ಸೈಜಿಗೆ ಆರೇಳು ಮೈಕ್ರಾನ್ ದೊಡ್ಡದು ತೋರಿಸುತ್ತೆ, ತಣ್ಣಗಾದ್ಮೇಲೆ ಬೇರಿಂಗ್ ಕೂರಲ್ಲ.

ನಾನು ಕಲಿತಿದ್ದು ಒಂದು ಜಾಬ್ ಹಾಳು ಮಾಡಿ. ಆವಾಗ ನಾನಿದ್ದ ಶಾಪಲ್ಲಿ ಬೋರ್ 61.995 ಬಂತು, 20 ಮೈಕ್ರಾನ್ ಜಾಸ್ತಿ ಮಾಡ್ಬೇಕಿತ್ತು. ಎಕ್ಸ್ ವೇರಲ್ಲಿ, ಅಂದ್ರೆ ವ್ಯಾಸದ ವೇರ್ ಆಫ್‌ಸೆಟ್ ಖಾನೆಯಲ್ಲಿ, ಆಗಲೇ ಮೈನಸ್ 0.060 ಇತ್ತು. 0.020 ಟೈಪ್ ಮಾಡಿ "ಪ್ಲಸ್ ಇನ್‌ಪುಟ್" ಒತ್ಬೇಕು, ಆಗ ಇದ್ದಿದ್ದಕ್ಕೆ ಸೇರುತ್ತೆ. ನಾನು ಪಕ್ಕದ "ಇನ್‌ಪುಟ್" ಒತ್ಬಿಟ್ಟೆ. ಅದು ಹಳೇದನ್ನ ಅಳಿಸಿ 0.020 ಅಂತಾನೇ ಕೂರಿಸ್ತು. 20ರ ಬದಲು 80 ಮೈಕ್ರಾನ್ ಹೋಯ್ತು, ಬೋರ್ 62.075. ಸಣ್ಣದಾದ್ರೆ ಇನ್ನೊಂದು ಸಲ ಹೊಡೀಬಹುದು, ದೊಡ್ಡದಾದ್ರೆ ಕಬ್ಬಿಣ ವಾಪಸ್ ಅಂಟಿಸೋಕಾಗುತ್ತಾ? ಸೂಪರ್‌ವೈಸರ್ ಎಲ್ಲರ ಎದುರಿಗೆ, "ಇದಕ್ಕೇ ಹೇಳಿದ್ದು, ಇವರನ್ನ ಟೇಬಲ್ಲಿಗೆ ಹಾಕಿ ಅಂತ" ಅಂದ್ರು. ಅದೇ ವಾರ ಒಬ್ಬ ಹುಡುಗ ಟೂಲ್ ಕಟ್ಟೋ ಟರೆಟ್ಟನ್ನೇ ಚಕ್ಕಿಗೆ ಹೊಡೆಸಿದ್ದ, ಅವನಿಗೆ "ನೋಡ್ಕೊಂಡ್ ಮಾಡೋ" ಅಂದಿದ್ರು ಅಷ್ಟೇ.

ಭದ್ರಾವತಿ ಕಡೆಯ ಹಿರಿಯ ಸೆಟ್ಟರ್ ಒಬ್ಬರಿದ್ರು, ಆ ಸ್ಕ್ರ್ಯಾಪ್ ಜಾಬ್ ತಂದು ನನ್ನ ಕೈಲಿಟ್ಟು, "ಏನಮ್ಮ, ಇದನ್ನ ಫರ್ನೇಸಿಗೆ ಕಳ್ಸೋ ಮುಂಚೆ ಬೋರ್ ಗೇಜ್ ಹಾಕಿ ಹತ್ತು ಸಲ ಅಳೆ, ಹತ್ತು ಸಲಾನೂ ಒಂದೇ ರೀಡಿಂಗ್ ಬರ್ಬೇಕು" ಅಂದ್ರು. ಬರ್ಲಿಲ್ಲ. ಬೋರ್ ಗೇಜನ್ನ ಒಳಗಿಟ್ಟು ಮೆಲ್ಲಗೆ ಆ ಕಡೆ ಈ ಕಡೆ ತೂಗ್ಬೇಕು, ಡಯಲ್ ಮುಳ್ಳು ಹೋಗಿ ವಾಪಸ್ ತಿರುಗೋ ಜಾಗಾನೇ ರೀಡಿಂಗು, ಅದು ಕೈಗೆ ಹತ್ತೋಕೆ ನಂಗೆ ಎರಡು ವಾರ ಬೇಕಾಯ್ತು. ಅವತ್ತಿಂದ ಆಫ್‌ಸೆಟ್ ಬದಲಾಯಿಸೋ ಮುಂಚೆ ಹಳೇ ನಂಬರ್ ಡೈರಿಯಲ್ಲಿ ಬರೀತೀನಿ, ನನ್ನ ಕೈಕೆಳಗಿನವರಿಗೂ ಅದೇ ರೂಲು. ಹಂಗೇ ಪಾಯಿಂಟ್ ಹಾಕ್ದೆ ನಂಬರ್ ಹೊಡೀಬೇಡಿ, ಬರೀ 20 ಅಂದ್ರೆ ಒಂದು ಮಿಷಿನ್ 20 ಮೈಕ್ರಾನ್ ಅಂತ ತಗೊಳ್ಳುತ್ತೆ, ಇನ್ನೊಂದು 20 ಮಿಲಿಮೀಟರ್ ಅಂತ, ಪಾರಾಮೀಟರ್ ಹೇಗಿಟ್ಟಿದಾರೋ ಹಾಗೆ.

ಓದಿನ ದಾರಿ ಸುಲಭ, ಬೇಗ ಹೇಳ್ಬಿಡ್ತೀನಿ. ಎಸ್ಸೆಸ್ಸೆಲ್ಸಿ ಆದ್ಮೇಲೆ ಟರ್ನರ್, ಮೆಷಿನಿಸ್ಟ್, ಫಿಟ್ಟರ್ ಎರಡು ವರ್ಷ, ವೆಲ್ಡರ್ ಒಂದೇ ವರ್ಷ. ಎರಡು ವರ್ಷದ ಐಟಿಐ ಆದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೇರೋ ಅವಕಾಶ ಇದೆ. ಟೂಲ್ ರೂಮ್ ಇಷ್ಟ ಇದ್ರೆ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಡಿಪ್ಲೊಮಾ ನೋಡಿ. ಅಪ್ರೆಂಟಿಸ್ ಬಿಡ್ಬೇಡಿ, ಅದರ ಸರ್ಟಿಫಿಕೇಟಿಗೆ ಬೆಲೆ ಇದೆ.

ಭಾರ ಎತ್ತೋಕಾಗುತ್ತಾ ಅಂತ ಕೇಳ್ತಾರೆ. ದೊಡ್ಡ ಕಾಸ್ಟಿಂಗಿಗೆ ಹಾಯ್ಸ್ಟ್ ಇದೆ, ಗಂಡಸರೂ ಸೊಂಟ ಹಿಡ್ಕೊಂಡು ರಜೆ ಹಾಕೋದು ಕಂಡಿದೀನಿ. ಅಡಿಕೆ ಸುಗ್ಗಿಯಲ್ಲಿ ನಮ್ಮಮ್ಮ ಮೆಟ್ಟುಗತ್ತಿ ಮುಂದೆ ನಡುರಾತ್ರಿವರೆಗೂ ಕೂರ್ತಿದ್ರು, ಅದು ಕಷ್ಟದ ಕೆಲಸ ಅಂತ ಯಾರಿಗೂ ಅನ್ಸಿರ್ಲಿಲ್ಲ. ವೇಲ್, ಬಳೆ, ಬಿಚ್ಚಿದ ಜಡೆ ಬೇಡ, ತಿರುಗೋ ಚಕ್ ಹತ್ರ ಗ್ಲೌಸೂ ಬೇಡ, ಎಳ್ಕೊಳ್ಳುತ್ತೆ. ನಿಜವಾದ ತೊಂದರೆ ಬಸ್ಸು. ಆರು ಗಂಟೆ ಶಿಫ್ಟಿಗೆ ಹೊಸನಗರದಿಂದ ದಿನಾ ಬರೋಕಾಗಲ್ಲ, ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ರೂಮ್ ಮಾಡ್ಲೇಬೇಕು, ಅಪ್ಪಂದಿರ ಜೊತೆ ಜಗಳ ಇರೋದೇ ಇಲ್ಲಿ. ನೈಟ್ ಶಿಫ್ಟಿಗೆ ನಿಮ್ಮ ಲಿಖಿತ ಒಪ್ಪಿಗೆ ಇಲ್ದೆ ಹಾಕೋ ಹಾಗಿಲ್ಲ, ಗಾಡಿ ಕೊಡ್ಲೇಬೇಕು.

ಆ ಹುಡುಗಿ ಸೋಮವಾರ ಸೇರ್ತಾಳೆ, ಅವಳಪ್ಪ ರೂಮಿಗೂ ಒಪ್ಪಿದಾರೆ. ನಾನೂ ಅವಳನ್ನ ಮೊದಲು ಇನ್ಸ್‌ಪೆಕ್ಷನ್ ಟೇಬಲ್ಲಿಗೇ ಹಾಕ್ತಿದೀನಿ, ನಗ್ಬೇಡಿ, ಅಳೆಯೋಕೆ ಬರದವಳಿಗೆ ಆಫ್‌ಸೆಟ್ ಕೊಟ್ರೆ ನಾನು ಮಾಡಿದ್ದೇ ಅವಳೂ ಮಾಡ್ತಾಳೆ. ಆದ್ರೆ ಮೂರೇ ತಿಂಗಳು, ಮಿಷಿನ್ನಿಗೆ ಹೋಗೋ ತಾರೀಖು ಅವಳ ಜಾಯಿನಿಂಗ್ ಫೈಲಲ್ಲೇ ಬರೆದು ಸೈನ್ ಹಾಕಿದೀನಿ. ಕಂಟ್ರೋಲ್ ಫ್ಯಾನುಕ್ಕು.