ಮಗುವಿನ ರಿಪೋರ್ಟಲ್ಲಿ ಬಿಳಿ ರಕ್ತಕಣ: ಶೇಕಡಾ ನೋಡಿ ಮೋಸ ಹೋಗಬೇಡಿ

ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಟೆಸ್ಟಿನ ರಿಪೋರ್ಟ್ ಕೈಗೆ ಬಂದರೆ ಕಣ್ಣು ಮೊದಲು ಹೋಗುವುದು ದಪ್ಪ ಅಕ್ಷರದ ಸಂಖ್ಯೆಗೆ. ನಾನೂ ಶುರುವಿನಲ್ಲಿ ಹಾಗೇ ಓದುತ್ತಿದ್ದೆ. ಮಕ್ಕಳ ರಿಪೋರ್ಟಲ್ಲಿ ಮೊದಲು ವಯಸ್ಸು ನೋಡಿ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ದೊಡ್ಡವರಿಗೆ ಸುಮಾರು 4,000ದಿಂದ 11,000 ಬಿಳಿ ರಕ್ತಕಣ ಇರುತ್ತವೆ. ಆಗ ತಾನೇ ಹುಟ್ಟಿದ ಮಗುವಿಗೆ 30,000 ಹತ್ತಿರ ಬಂದರೂ ನಾರ್ಮಲ್, ಒಂದು ವರ್ಷದ ಮಗುವಿಗೆ 17,000 ತನಕ. ದೊಡ್ಡವರ ಅಳತೆ ಹಿಡಿದರೆ ಅರ್ಧ ಮಕ್ಕಳಿಗೆ ಸುಮ್ನೆ ಸೋಂಕಿನ ಹಣೆಪಟ್ಟಿ ಅಂಟಿಸಿಬಿಡುತ್ತೇವೆ.

ಬಿಳಿ ರಕ್ತಕಣಗಳಲ್ಲಿ ಹಲವು ಬಗೆ, ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್ ಅದರಲ್ಲಿ ಮುಖ್ಯವಾದವು. ಹುಟ್ಟಿದಾಗ ನ್ಯೂಟ್ರೋಫಿಲ್ ಜಾಸ್ತಿ. ಮೊದಲ ವಾರದಲ್ಲೇ ಲಿಂಫೋಸೈಟ್ ಮುಂದೆ ಹೋಗುತ್ತದೆ, ನಾಲ್ಕೈದು ವರ್ಷಕ್ಕೆ ಮತ್ತೆ ಅದಲು ಬದಲು.

ಈಗ ಒಂದು ಲೆಕ್ಕ. ಎರಡು ವರ್ಷದ ಮಗು, ಒಟ್ಟು 6,000, ನ್ಯೂಟ್ರೋಫಿಲ್ 15%, ಲಿಂಫೋಸೈಟ್ 75%. ಮೆಷಿನ್ ಲಿಂಫೋಸೈಟ್ ಪಕ್ಕ 'ಹೈ' ಅಂತ ಗುರುತು ಹಾಕಿದೆ. ಗುಣಿಸಿ ನೋಡಿ: ಲಿಂಫೋಸೈಟ್ 4,500, ಆ ವಯಸ್ಸಿಗೆ ಸರಿಯಾಗೇ ಇದೆ. ನ್ಯೂಟ್ರೋಫಿಲ್ ಮಾತ್ರ 900, ಇರಬೇಕಾದ್ದು ಕನಿಷ್ಠ 1,500. ಒಟ್ಟು ಸಂಖ್ಯೆ ನಾರ್ಮಲ್, ಗುರುತು ಬಿದ್ದಿದ್ದು ಒಂದು ಕಡೆ, ತೊಂದರೆ ಇರುವುದು ಇನ್ನೊಂದು ಕಡೆ. ರಿಪೋರ್ಟ್ ಓದುವಾಗ ಎಲ್ಲರೂ ಎಡವುವ ಜಾಗ ಇದೇ ಅಲ್ವಾ? ವೈರಲ್ ಜ್ವರದ ನಂತರ ನ್ಯೂಟ್ರೋಫಿಲ್ ಹೀಗೆ ಇಳಿಯುವುದು ಮಾಮೂಲು. ಮಗು ಚೆನ್ನಾಗಿ ಆಡಿಕೊಂಡಿದ್ದರೆ ಸಾಮಾನ್ಯವಾಗಿ ಕೆಲವು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿಸುತ್ತಾರೆ. ಆದರೆ ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿದ್ದು ಜ್ವರವೂ ಇದ್ದರೆ ಕಾಯುವ ಮಾತೇ ಇಲ್ಲ, ತಕ್ಷಣ ಆಸ್ಪತ್ರೆ.

ಬ್ಯಾಕ್ಟೀರಿಯಾ ಸೋಂಕಲ್ಲಿ ನ್ಯೂಟ್ರೋಫಿಲ್ ಏರುತ್ತದೆ ಅಂತ ಬಾಯಿಪಾಠ ಮಾಡಿರುತ್ತೇವೆ. ನಾಯಿಕೆಮ್ಮಿನಲ್ಲಿ ಅದು ಕೈಕೊಡುತ್ತದೆ. ಅದೂ ಬ್ಯಾಕ್ಟೀರಿಯಾದಿಂದಲೇ ಬರುವುದು, ಆದರೆ ಅದರ ವಿಷ ಲಿಂಫೋಸೈಟುಗಳನ್ನು ರಕ್ತ ಬಿಟ್ಟು ದುಗ್ಧ ಗ್ರಂಥಿಗಳ (ಲಿಂಫ್ ನೋಡ್) ಒಳಗೆ ಹೋಗದಂತೆ ತಡೆಯುವುದರಿಂದ ಅವು ರಕ್ತದಲ್ಲೇ ರಾಶಿ ಬೀಳುತ್ತವೆ. ಡೆಂಗ್ಯೂನಲ್ಲಿ ಒಟ್ಟು ಕೌಂಟೇ ಇಳಿಯುತ್ತದೆ. ಇಯೋಸಿನೋಫಿಲ್ ಅನ್ನುವ ಇನ್ನೊಂದು ಬಗೆಯ ಬಿಳಿಕಣ ಏರಿದ್ದರೆ ಅಲರ್ಜಿ, ಹೊಟ್ಟೆಹುಳ ನೆನಪಿರಲಿ. ಸ್ಟೆರಾಯ್ಡ್ ಕೊಟ್ಟರೂ ಕೌಂಟ್ ಏರುತ್ತದೆ. ಸೂಜಿ ನೋಡಿ ಮಗು ಜೋರಾಗಿ ಅತ್ತರೂ ಅಷ್ಟೇ!

ಎಲ್ಲರಿಗೂ ಇರುವ ಭಯ ರಕ್ತದ ಕ್ಯಾನ್ಸರ್. ಅದರಲ್ಲಿ ಕೌಂಟ್ ಜಾಸ್ತಿಯೇ ಇರಬೇಕು ಅಂತಿಲ್ಲ, ಕಮ್ಮಿಯೂ ಇರಬಹುದು, ನಾರ್ಮಲ್ಲೂ ಇರಬಹುದು. ಹಾಗಾಗಿ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಸಾಲುಗಳನ್ನೂ ಓದಿ, ಅವೂ ಬಿದ್ದಿದ್ದರೆ ಸ್ಮಿಯರ್, ಅಂದರೆ ಗಾಜಿನ ಮೇಲೆ ಸವರಿದ ರಕ್ತವನ್ನು ಮೈಕ್ರೋಸ್ಕೋಪಲ್ಲಿ ನೋಡಲೇಬೇಕು. ಬ್ಲಾಸ್ಟ್ ಅಂದರೆ ಇನ್ನೂ ಬಲಿಯದ ರಕ್ತಕಣ, ರಕ್ತದ ಕ್ಯಾನ್ಸರಿನಲ್ಲಿ ಕಾಣುವಂಥದ್ದು. ಮೆಷಿನ್ 'ಬ್ಲಾಸ್ಟ್ ಇರಬಹುದು' ಅಂದಿದ್ದು ಎಷ್ಟೋ ಸಲ ವೈರಲ್ ಜ್ವರಕ್ಕೆ ಊದಿಕೊಂಡ ಲಿಂಫೋಸೈಟ್ ಆಗಿರುತ್ತದೆ.